ಅಮ್ಮನ ಹೆಸರಿನ ದಾಸವಾಳ

ಲ್ಯಾಬಿನ ಹಿಂದಿನ ಕೋಣೆ,
ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಹೂವಿನ ಪ್ರದರ್ಶನದ ಗದ್ದಲದಲ್ಲಿ ಮಾತ್ರೆ ಮರೆಯಬೇಡ. ಚಿಕ್ಕಮ್ಮ ನಿನ್ನ ಕುಂಡಗಳಿಗೆಲ್ಲ ತಪ್ಪದೆ ನೀರು ಹಾಕಿ, ಆಮೇಲೆ ತಪ್ಪದೆ ನನ್ನನ್ನು ಬೈಯುತ್ತಾಳೆ. ಫೋನಿನಲ್ಲೇ ಹೇಳೋಣವೆಂದಿದ್ದೆ. "ಏನಮ್ಮಾ, ನಮ್ಮ ಗಿಡ ಏನಂತು?" ಎಂದು ನೀನು ನಗುತ್ತಾ ಕೇಳಿದಾಗ ಮಾತು ತಿರುಗಿಸಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಹೂವಿನ ವ್ಯಾನಿನವರ ಕೈಯಲ್ಲಿ ಈ ಕಾಗದ.

ದಾಸವಾಳದ ತಳಿಗಳನ್ನು ಎಲೆಯಿಂದಲೇ ಗುರುತಿಸಲು ನಾವು ಡಿಎನ್ಎ ಮಾರ್ಕರ್‌ಗಳನ್ನು ಹುಡುಕುತ್ತಿರುವುದು ನಿನಗೆ ಗೊತ್ತು. ಒಂದೊಂದು ತಳಿಗೂ ಅದರದೇ ಗೆರೆಗಳ ಸಾಲು ಬರಬೇಕು. ನೀನೇ ಪರಾಗ ಹಾಕಿ, ಬೀಜದಿಂದ ಎಬ್ಬಿಸಿ, ಅಮ್ಮ ಹೋದ ಮೇಲೆ ಅವಳ ಹೆಸರಿಟ್ಟ ಗಿಡದ ಎಲೆಯನ್ನು ಹೆಮ್ಮೆಯಿಂದ ಕಿತ್ತುಕೊಟ್ಟೆಯಲ್ಲ, ಅದರ ಗೆರೆಗಳು ನೀನು ಕೂಡಿಸಿದ ಎರಡು ಗಿಡಗಳಿಗೂ ಹೊಂದುತ್ತಿಲ್ಲ ಅಪ್ಪಾ. ನಿನ್ನ ಗೆಳೆಯ ಮೇಷ್ಟ್ರ ತೋಟದ ಒಂದು ಗಿಡಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತಿವೆ. ಆ ಗಿಡ ಈಗಿಲ್ಲ. ಹಿಂದೆಂದೋ ಲ್ಯಾಬಿನವರು ಒಣಗಿಸಿಟ್ಟ ಎಲೆಯಷ್ಟೇ ಇದೆ.

ಟ್ಯೂಬು ಅದಲುಬದಲಾಗಿದೆ ಅಂದುಕೊಂಡೆ. ಹೊಸ ಎಲೆ ತಂದು ಮತ್ತೆ ಮಾಡಿದೆ. ಇವೆರಡನ್ನು ಬೇರೆ ಮಾಡಲೆಂದೇ ಇನ್ನಷ್ಟು ಮಾರ್ಕರ್ ಹುಡುಕಿದೆ. ಬೆನ್ನು ಮುರಿದು ಮಾಡಿದ ನನ್ನ ಕೆಲಸವೆಲ್ಲ ಸುಳ್ಳಾಗಲಿ ಎಂದು ಯಂತ್ರದ ಮುಂದೆ ಬೇಡಿಕೊಳ್ಳುತ್ತಾ ಕೂತೆ. ಒಂದೂ ಸುಳ್ಳಾಗಲಿಲ್ಲ. ನಿನ್ನೆ ವರದಿ ಪ್ರದರ್ಶನದವರಿಗೆ ಹೋಯಿತು. ಸಹಿ ನನ್ನದೇ. ಬೇರೆಯವರಿಂದ ಹಾಕಿಸಿ ನಾನು ಬಚ್ಚಿಟ್ಟುಕೊಳ್ಳಲೇ?

ದಮ್ಮಯ್ಯ ಅಪ್ಪಾ, ಅವರು ಕರೆಸುವ ಮೊದಲೇ ಹೊಸ ತಳಿಯ ಅರ್ಜಿ ಹಿಂದಕ್ಕೆ ತೆಗೆದುಕೋ. ನೀನು ಕದ್ದವನಲ್ಲವೆಂದು ನನಗೆ ಗೊತ್ತು. ಅದನ್ನು ತೋರಿಸುವ ಮಾರ್ಕರ್ ಮಾತ್ರ ನನ್ನ ಬಳಿ ಇಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಬರುವವರೆಗೆ ಯಾರ ಜೊತೆಗೂ ಮಾತಿಗಿಳಿಯಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಪುಟ್ಟಿ

ತಾ.ಕ.: ವ್ಯಾನಿನವರು ಹಾರನ್ ಹೊಡೆಯುತ್ತಿದ್ದಾರೆ. ಇದನ್ನು ಬರೆಯಬಾರದೆಂದಿದ್ದೆ, ಬರೆಯದಿದ್ದರೆ ನೀನು ಮೇಷ್ಟ್ರ ಕೊರಳಪಟ್ಟಿ ಹಿಡಿಯುತ್ತೀಯ. ಈಗಷ್ಟೇ ಚಿಕ್ಕಮ್ಮ ಫೋನ್ ಮಾಡಿ ಅತ್ತುಬಿಟ್ಟಳು. "ಭಾವ ಆಸ್ಪತ್ರೇಲಿದ್ದಾಗ ಆ ಸಸಿ ಒಣಗಿಹೋಯ್ತು ಕಣೇ. ಅವರು ಉಳಿಯೋದೇ ಅನುಮಾನ ಆಗಿತ್ತು, ಕಣ್ಣು ಬಿಟ್ಟಾಗೆಲ್ಲ ಸಸಿ ಹೇಗಿದೆ ಅಂತಿದ್ರು. ಅಕ್ಕ ಓಡಿಹೋಗಿ ಮೇಷ್ಟ್ರ ಹತ್ರ ಬೇರು ಬಿಟ್ಟ ರೆಂಬೆ ಇಸ್ಕೊಂಡು ಬಂದು ಅದೇ ಕುಂಡದಲ್ಲಿ ನೆಟ್ಟಳು" ಅಂದಳು. ನಿನಗೆ ಎಂದೂ ಗೊತ್ತಾಗದಿರಲೆಂದು ಮೇಷ್ಟ್ರು, ಇನ್ನೂ ಒಂದು ಹೂವನ್ನೂ ಬಿಡದಿದ್ದ ತಮ್ಮ ಗಿಡವನ್ನು ಅಂದೇ ಕಿತ್ತುಹಾಕಿದರಂತೆ.