ಚೊಲೋ ಮಣ್ಣು

ಬಳ್ಳಾರಿ, ಮಾರ್ಚ್ ೧೯೭೪

ಅವ್ವಾ, ಶರಣು.

ನಮ್ಮ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಮಣ್ಣು ಅರೆಯುವ ಹೊಸ ಮಷೀನು ಬಂದಿದೆ. ಇನ್ನು ಕೊಡತಿ ಹಿಡಿದು ಹೆಂಟೆ ಕುಟ್ಟಬೇಕಾಗಿಲ್ಲ. ರೂಪನಗುಡಿ, ಕುರುಗೋಡಿನ ಹೊಲಗಳೆಲ್ಲ ಹಿಟ್ಟಾಗಿ, ಕರಿ ಮಂಜಿನಂತೆ ಜರಡಿಯಿಂದ ಇಳಿಯುವುದನ್ನು ನೋಡುತ್ತ ನಿಂತುಬಿಡುತ್ತೇನೆ.

‘ಹೊಲದಾಗಿನ ಚೊಲೋ ಮಣ್ಣ ಕಳಿಸೀನಿ’ ಎಂದು ಹೇಳಿಕಳಿಸಿದ್ದೆಯಲ್ಲ, ಆ ಚೀಲ ಬಿಚ್ಚಿದೆ. ವಿಭೂತಿ ಚೂರು, ಒಣಗಿದ ಬಿಲ್ವಪತ್ರೆ ಕಂಡವು. ಹೊಲದ ಮೂಲೆಯಲ್ಲಿರುವ ಅಪ್ಪನ ಸಮಾಧಿಯ ಮಣ್ಣೆಂದು ತಿಳಿಯಿತು. ಜೊತೆಗೆ ಕೆಲಸ ಮಾಡುವ ಮಾರೆಣ್ಣ, ‘ಹಾಕ್ರಿ ಅಕ್ಕಾರ, ನಿಮಿಷದಾಗ ಹಿಟ್ಟಾಗತೈತಿ’ ಎಂದ. ನನಗೆ ಮನಸ್ಸು ಬರಲಿಲ್ಲ.

ಪರೀಕ್ಷೆಗೆ ಹೊಲದ ನಡುವೆ ಗೇಣು ಆಳ ಅಗೆಸಿ, ಬೇರೆ ಮಣ್ಣು ಕಳಿಸು. ಇದು ನನ್ನ ಮೇಜಿನ ಮೇಲೆಯೇ ಇರಲಿ. ಮಷೀನು ಗುಂಯ್‌ಗುಟ್ಟುವಾಗ, ಅಪ್ಪ ಉಂಡು ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದಂತೆ ಕೇಳಿಸುತ್ತದೆ.

ನಿನ್ನ ಮಗಳು,
ಶಿವಬಸಮ್ಮ