ಗಾಜಿನ ಹಿಂದಿನ ತಾತ

ಬುಧವಾರ, ಮಧ್ಯಾಹ್ನ

ಸಮಸ್ತ ಹೊಲಿಗೆಯಂತ್ರಗಳ ಸಾಮ್ರಾಜ್ಞಿಯೂ, ಈ ಬಡಪಾಯಿಯ ಬಲಗಿವಿಯನ್ನು ಹುಟ್ಟಿದಂದಿನಿಂದ ಹಿಂಡುತ್ತ ಬಂದಿರುವ ಏಕಮಾತ್ರ ಅಧಿಕಾರಿಯೂ ಆದ ಶ್ರೀಮದ್ ಅಕ್ಕನವರ ಸನ್ನಿಧಾನಕ್ಕೆ, ನರ್ಸಿಂಗ್ ಎರಡನೇ ವರ್ಷದ ಕೋತಿಯ ಸಾಷ್ಟಾಂಗ ನಮಸ್ಕಾರಗಳು.

ಎರಡು ತಿಂಗಳಿಂದ ಕಾಗದ ಹಾಕಿಲ್ಲ, ತಪ್ಪಾಯಿತು. ನೀನು ಹೊಲಿದು ಕಳಿಸಿದ ಬಿಳಿ ಕೋಟು ಚೆನ್ನಾಗಿ ಕೂತಿದೆ. ಭಾವನ ಬೆನ್ನುನೋವು ಹೇಗಿದೆ? ನಗಿಸುವಷ್ಟು ನಗಿಸಿಯಾಯಿತು ಅಕ್ಕ. ಮುಂದಿನದನ್ನು ಕೂತುಕೊಂಡು ಓದು.

ನಮ್ಮ ಕಾಲೇಜಿನಲ್ಲಿ ಒಂದು ಸುಳ್ಳು ವಾರ್ಡು ಇದೆ. ಮಂಚ, ಸಲೈನ್ ಕಂಬ, ಮಾನಿಟರು ಎಲ್ಲ ನಿಜ. ಮಲಗಿರುವವನು ಮಾತ್ರ ರಬ್ಬರಿನ ಬೊಂಬೆ. ಎದೆ ಏರಿಳಿಯುತ್ತದೆ, ನಾಡಿ ಬಡಿಯುತ್ತದೆ. ಮಾಡುವ ತಪ್ಪನ್ನೆಲ್ಲ ಇವನ ಮೇಲೇ ಮಾಡಿ ಮುಗಿಸಿ ಎನ್ನುತ್ತಾರೆ ಮೇಡಂ. ಕಪ್ಪು ಗಾಜಿನ ಹಿಂದೆ ಕೂತು ಮೈಕಿನಲ್ಲಿ ಅವನ ಪರವಾಗಿ ನರಳುವ ಮಹಾಪದವಿ ನನಗೆ ಸಿಕ್ಕಿತ್ತು. ಚೀಟಿಯಲ್ಲಿ ‘ತಲೆಸುತ್ತು’ ಎಂದಷ್ಟೇ ಇದ್ದರೂ ನಾನು, “ಉಸಿರು ಕಟ್ತಿದೆ ಮಗಳೇ, ಹಲ್ಲುಸೆಟ್ ನುಂಗಿಬಿಟ್ಟೆ!” ಎಂದು ಸೇರಿಸುತ್ತಿದ್ದೆ.

ಹೆಚ್ಚು ಸಿಕ್ಕಿಬೀಳುತ್ತಿದ್ದವಳು ನನ್ನ ಸಹಪಾಠಿ ಗುಬ್ಬಿ. ಮಹಾ ಪುಕ್ಕಲಿ. ಮೊದಲ ಸಲ ಅತ್ತೇಬಿಟ್ಟಳು. ಹತ್ತು ಸಲವಾದ ಮೇಲೆ ತಲೆಯೆತ್ತದೆಯೇ, “ನಾಟಕ ಸಾಕು ತಾತ, ಕೈ ಚಾಚಿ” ಎನ್ನತೊಡಗಿದಳು. ಕ್ಲಾಸೆಲ್ಲ ಚಪ್ಪಾಳೆ. ‘ಧೈರ್ಯ ಬಂದಿದೆ’ ಎಂದು ಮೇಡಂ ಅವಳ ಪುಸ್ತಕದಲ್ಲಿ ಬರೆದರು.

ಸೋಮವಾರ ನಿಜವಾದ ವಾರ್ಡು. ಏಳನೇ ಮಂಚದಲ್ಲಿ ಹೊಟ್ಟೆ ಆಪರೇಷನ್ ಆದ ಒಬ್ಬ ತಾತ. ಗುಬ್ಬಿ ಬಿಪಿ ನೋಡುವಾಗ, “ಉಸಿರು ಕಟ್ತಿದೆ ಮಗಳೇ” ಎಂದರಂತೆ. ಅವಳ ಬಾಯಿಂದ ತಾನಾಗಿ ಬಂತಂತೆ, “ನಾಟಕ ಸಾಕು ತಾತ.” ಬಿಪಿ ಬರೆದುಕೊಂಡು ಎಂಟನೇ ಮಂಚಕ್ಕೆ ಹೋಗಿದ್ದಾಳೆ. ತುಟಿ ನೀಲಿಯಾದದ್ದು ಡ್ಯೂಟಿ ಸಿಸ್ಟರ್ ಕಣ್ಣಿಗೆ ಬಿದ್ದದ್ದು ಆರು ನಿಮಿಷದ ಮೇಲೆ. ತಾತ ಈಗ ವೆಂಟಿಲೇಟರಿನಲ್ಲಿದ್ದಾರೆ. ಕಣ್ಣು ಬಿಟ್ಟಿಲ್ಲ. ನಿನ್ನೆ ಐಸಿಯು ಬಾಗಿಲಲ್ಲಿ ಅವರ ಮಗಳು ನನ್ನ ಕೈಹಿಡಿದು, “ಪಾಪ, ಮಕ್ಕಳೆಲ್ಲ ಎಷ್ಟು ಓಡಾಡಿದ್ರಿ” ಎಂದರು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ.

ನಾಳೆ ವಿಚಾರಣೆ. ಗುಬ್ಬಿಯನ್ನು ಕಾಲೇಜಿನಿಂದ ತೆಗೆಯುತ್ತಾರೆ. ಅವಳು ನನ್ನ ಹೆಸರೇ ಎತ್ತಿಲ್ಲ.

“ಹೇಳು, ಅಭ್ಯಾಸ ಮಾಡಿಸಿದ್ದು ನಾನು ಅಂತ ಹೇಳು” ಎಂದು ಗೋಗರೆದೆ.

“ನೀನು ತಮಾಷೆ ಮಾಡಿದ್ದು ಬೊಂಬೆ ಜೊತೆ ಕಣೋ,” ಎಂದಳು. “ನಾನು ಅಂದಿದ್ದು ಮನುಷ್ಯನಿಗೆ.”

ನಾಳೆ ಎಲ್ಲರೆದುರು ನಿಂತು, ಗಾಜಿನ ಹಿಂದೆ ಇದ್ದವನು ನಾನೇ ಎನ್ನುತ್ತೇನೆ. ಹೊರಗೆ ಹಾಕಿದರೆ ನಿನ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂರುತ್ತೇನೆ. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುದ್ದು. ಧೈರ್ಯ ಬರಲಿ ಎಂದು ಹರಸು.

ನಿನ್ನ ತಮ್ಮ,
ಕೋತಿ

ಬಿಟ್ಟುಹೋದ ಮಾತು: ಸೋಮವಾರ ತಾತ ‘ಉಸಿರು ಕಟ್ತಿದೆ’ ಎಂದಾಗ ಗುಬ್ಬಿ ಒಂದು ಕ್ಷಣ ಅನುಮಾನಿಸಿ ನನ್ನ ಮುಖ ನೋಡಿದ್ದಳು. ನಾನು ಪಕ್ಕದ ಮಂಚದ ಹತ್ತಿರವೇ ಇದ್ದೆ. ನಕ್ಕೆ. ಇವತ್ತು ಬೆಳಿಗ್ಗೆ ಎಲ್ಲರಿಂದ ಲಿಖಿತ ಹೇಳಿಕೆ ತೆಗೆದುಕೊಂಡರು. ಆ ಹೊತ್ತಿಗೆ ನಾನು ವಾರ್ಡಿನಲ್ಲೇ ಇರಲಿಲ್ಲ ಎಂದು ಬರೆದು, ಸಹಿ ಹಾಕಿ ಕೊಟ್ಟುಬಂದಿದ್ದೇನೆ.