ತೀರದ ಹತ್ತು ವರ್ಷ

ಆಗಸ್ಟ್ 17, ರವಿವಾರ, ಬೆಳಿಗ್ಗೆ 7

ಬಿರುಕಿನ ಆಳ ಇಪ್ಪತ್ತಾರು ಇಂಚು. ಹೋದ ವಾರಕ್ಕಿಂತ ಎರಡು ಹೆಚ್ಚು. ಬೇಲಿಯ ಮೂರನೇ ಕಂಬದ ಪಕ್ಕ, ನಮ್ಮ ಮನೆಯವರು ಅಳೆಯುತ್ತಿದ್ದ ಜಾಗದಲ್ಲೇ. ಟೇಪು ಒಳಗೆ ಬಾಗಿತು — ಎರಡನೇ ಸಲ ಬಿಟ್ಟು ನೋಡಿದೆ.

ಈ ಕರಿ ಮಣ್ಣು ನೋಡಿಯೇ ಇವರು ಹೊಲ ತೆಗೆದುಕೊಂಡದ್ದು. ನಮ್ಮ ವಿಜಯಪುರದ ಎರೆಯ ಹಾಗೆ ಬೇಸಿಗೆಗೆ ಬಾಯಿ ಬಿಡುತ್ತದೆ; ಈ ದೇಶದಲ್ಲಿ ಮಳೆ ಬರುವುದು ನವೆಂಬರಿಗೇ. ಪ್ರತಿ ರವಿವಾರ ಯಾಕೆ ಅಳೆಯುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಇವರು ಹೋಗಿ ನಾಲ್ಕು ತಿಂಗಳು. ಈಗ ನಾನೇ ಅಳೆಯುತ್ತಿದ್ದೇನೆ. ಇನ್ನೂ ಗೊತ್ತಾಗಿಲ್ಲ.

ಆಗಸ್ಟ್ 24, ರವಿವಾರ

ಇಪ್ಪತ್ತೇಳು.

ಸ್ಯಾನ್ ರಮೋನ್‌ನಿಂದ ಮೈದುನ ಕೇದಾರ ಬಂದಿದ್ದ. ಹೊಲ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿತ್ತು. ಇವರ ಪಾಲು ಈಗ ನನ್ನದು. ಒಂದು ಫಾರ್ಮು ತಂದಿದ್ದ. ಅವನ ಸಹಿ ಆಗಿದೆ. ನನ್ನದು ಬೇಕಂತೆ.

"ವೈನಿ, ಡ್ಯಾನ್‌ವಿಲ್ ಮನಿಗೋಳು ಗುಡ್ಡದ ಆಚಿಗೇ ಬಂದು ನಿಂತಾವ. ಈಗ ನೋಟಿಸ್ ಕೊಟ್ರ ಹತ್ತು ವರ್ಷಕ್ಕ ಹೊಲ ಬಿಡುಗಡಿ. ಮಕ್ಕಳು ಮನಿ ಕಟ್ತಾರ, ಮಾರ್ತಾರ, ಅವರಿಚ್ಛಾ. ಸೆಪ್ಟೆಂಬರ್ ಮುಗಿಯೂದ್ರಾಗ ಕೌಂಟಿ ಆಫೀಸಿಗೆ ಮುಟ್ಟಬೇಕು."

"ಬಿಡುಗಡಿ ಯಾತರಿಂದ?"

ನಕ್ಕ. "ಹನ್ನೆರಡು ವರ್ಷ ಇಲ್ಲೇ ಇದ್ದು ಗೊತ್ತಿಲ್ಲೇನ್ರಿ!"

ಗೊತ್ತಿರಲಿಲ್ಲ.

ಆಗಸ್ಟ್ 26, ಮಧ್ಯಾಹ್ನ

ಕಾಗದದ ಫೋಟೋ ಮಗಳು ಉಮಾಶ್ರೀಗೆ ಕಳಿಸಿದ್ದೆ. ಎಮರಿವಿಲ್ ಆಫೀಸಿನಿಂದ ಲಂಚ್ ಟೈಮಿನಲ್ಲಿ ಫೋನ್ ಮಾಡಿ ಬಿಡಿಸಿ ಹೇಳಿದಳು. ಯಾರೂ ಒತ್ತಾಯ ಮಾಡಿಲ್ಲ. ಅಣ್ಣತಮ್ಮಂದಿರೇ ಇಚ್ಛೆಪಟ್ಟು ಕೌಂಟಿಗೆ ಬರೆದುಕೊಟ್ಟದ್ದು — ಹತ್ತು ವರ್ಷ ಹೊಲ ಹೊಲವಾಗಿಯೇ ಇರುತ್ತದೆ, ಬಡಾವಣೆ ಆಗುವುದಿಲ್ಲ. ಅದಕ್ಕೆ ತೆರಿಗೆ ಕಡಿಮೆ. ಆದರೆ ಪ್ರತಿ ಜನವರಿ ಒಂದಕ್ಕೆ ಇನ್ನೊಂದು ವರ್ಷ ತಾನಾಗಿಯೇ ಸೇರಿಕೊಳ್ಳುತ್ತದಂತೆ.

"ಹಂಗಾದ್ರ ಮುಗಿಯೂದು ಯಾವಾಗ?"

"ದಟ್ಸ್ ದ ಥಿಂಗ್, ಅಮ್ಮಾ. ಇಟ್ ಜಸ್ಟ್ ಕೀಪ್ಸ್ ಗೋಯಿಂಗ್. ಈ ಫಾರ್ಮಿನ ನೋಟಿಸ್ ಕೊಟ್ರೆ ಮಾತ್ರ ಹತ್ತರಿಂದ ಕೌಂಟ್‌ಡೌನ್."

ಕ್ಯಾಲೆಂಡರಿನ ಬೆನ್ನಿಗೆ ಬರೆದು ನೋಡಿದೆ. ಈ ವರ್ಷ ಹತ್ತು ಉಳಿದಿದೆ. ಮುಂದಿನ ವರ್ಷವೂ ಹತ್ತೇ. ಆಮೇಲೂ ಹತ್ತು. ಯಾರಿಗೆ ಹೊಳೆಯಿತೋ ಇಂಥದ್ದು.

ಡಾಕ್ಟರು ಇವರಿಗೆ ಮೂರು ತಿಂಗಳು ಎಂದಿದ್ದರು. ಮೂರೇ ಆಯಿತು.

ಸೆಪ್ಟೆಂಬರ್ 14, ರವಿವಾರ

ಇವರ ಪಿಕಪ್ ಗಾಡಿಯ ಖಾನೆಯಲ್ಲಿ ಒಂದು ಲಕೋಟೆ. ಕೌಂಟಿಯ ವಿಳಾಸ. ಸ್ಟಾಂಪು ಹಚ್ಚಿದೆ. ಒಳಗೆ ಅದೇ ಫಾರ್ಮು, ಇವರ ಸಹಿ. ತಾರೀಕು ಜನವರಿ 22 — ಸ್ಕ್ಯಾನ್ ರಿಪೋರ್ಟು ಬಂದ ಮರುದಿನ.

ಸಿಕ್ಕು ಎರಡು ವಾರವಾಯಿತು. ಬರೆಯಲು ಆಗಲಿಲ್ಲ. ಅಳೆಯಲೂ ಇಲ್ಲ.

ಹೊಲ ಬಿಡಿಸಬೇಕೆಂದು ಇವರಿಗೂ ಇತ್ತೇ? ನನಗೆ ಹೇಳದೆ? ಇದ್ದರೆ... ಟಪಾಲು ಡಬ್ಬಿಗೆ ಯಾಕೆ ಹಾಕಲಿಲ್ಲ?

ಸೆಪ್ಟೆಂಬರ್ 18

ಮೆಹಬೂಬ್ ಸಾಬರು ಆಡು ನೋಡಲು ಬಂದರು. ನಮ್ಮ ಹೊಲದಲ್ಲಿ ಮೇಯುವುದು ಅವರ ಆಡುಗಳೇ. ಕಲಬುರ್ಗಿಯವರು, ಇವರ ಗೆಳೆಯರು. ಲಕೋಟೆ ತೋರಿಸಿದೆ. ಹಿಂದೆ ಮುಂದೆ ತಿರುವಿ ನೋಡಿದರು.

"ಇದನ್ನ ಹಾಕಲಿಕ್ಕ ಹೊಂಟಾಗ ನಾನೂ ಸಂಗಟ ಹೋಗಿದ್ದೆ, ಅಕ್ಕಾರ. ಪೋಸ್ಟಾಫೀಸಿನ ಮುಂದ ಗಾಡಿ ನಿಂದ್ರಿಸಿದ್ರು. ಇಳೀಲಿಲ್ಲ. 'ಮೆಹಬೂಬಾ, ಡೋನಟ್ ತಿಂತಿಯೇನು?' ಅಂದ್ರು. ನನಗ ಶುಗರ್ ಅದ, ಅವರಿಗೆ ಗೊತ್ತದ! ಎರಡು ತಿಂದೆ. ವಾಪಸ್ ಬಂದ್ವಿ."

"ಏನೂ ಅನ್ನಲಿಲ್ಲೇನು?"

"ಹಾದ್ಯಾಗ ಅಂದ್ರು — 'ಇಷ್ಟು ವರ್ಷ ಅಳದೆ. ಮಳಿ ಬಿದ್ದಾಗ ಬಿರುಕು ಹೆಂಗ ಮುಚ್ಚತದ ಅಂತ ಒಮ್ಮೆನೂ ನೋಡ್ಲಿಲ್ಲ. ನಾ ಹೊಲಕ್ಕ ಹೋಗೂದ್ರಾಗ ಮುಚ್ಚೇ ಇರ್ತದ.' ಅಷ್ಟ."

ಸೆಪ್ಟೆಂಬರ್ 28, ರವಿವಾರ

ಮೂವತ್ತೊಂದು. ಸಹಿಗೆಂದು ಬಂದ ಕೇದಾರನ ಕೈಗೇ ಟೇಪು ಕೊಟ್ಟೆ. ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ ಅಳೆದ. ಆಮೇಲೆ ಲಕೋಟೆ ಕೊಟ್ಟೆ. ಮುಚ್ಚಿಡುವುದು ಸರಿಯಲ್ಲ.

"ನೋಡ್ರಿ! ಅಣ್ಣಗೂ ಇದ ಬೇಕಿತ್ತು."

"ಸ್ಟಾಂಪ್ ಹಚ್ಚ್ಯಾರ. ಮೂರು ತಿಂಗಳು ಗಾಡ್ಯಾಗ ಇಟ್ಕೊಂಡು ತಿರಗ್ಯಾರ. ಹಾಕಿಲ್ಲ." ಮೆಹಬೂಬ್ ಸಾಬರು ಹೇಳಿದ್ದನ್ನೂ ಹೇಳಿದೆ.

ಲಕೋಟೆಯ ಸ್ಟಾಂಪಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ — "ವೈನಿ, ಹತ್ತು ವರ್ಷಕ್ಕ ನನಗ ಎಪ್ಪತ್ತು. ನೀವು ತಡಾ ಮಾಡಿದಷ್ಟೂ..."

"ಈ ವರ್ಷ ನಾ ಸಹಿ ಮಾಡೂದಿಲ್ಲ, ಕೇದಾರ."

"ಮುಂದಿನ ವರ್ಷ ಮಾಡ್ತೀರಿ?"

"ಕೇಳಿ ನೋಡು."

ಚಹಾ ಕುಡಿಯದೆ ಹೋದ. ಮಂಡಿಯ ಮಣ್ಣನ್ನೂ ಜಾಡಿಸಿಕೊಳ್ಳಲಿಲ್ಲ.

ನವೆಂಬರ್ 5, ಮಧ್ಯಾಹ್ನ 3

ಮೋಡ. ಬಿರುಕು ಮೂವತ್ತೊಂದೇ.

ಐದು ವಾರದ ಮೇಲೆ ಇವತ್ತು ಕೇದಾರನ ಫೋನು. "ವೈನಿ, ಇಲ್ಲಿ ಹನಿ ಶುರುವಾತು. ಅಲ್ಲಿ ಬಂತೇನು?"

ಇಲ್ಲ ಎಂದೆ.

"ಹೊಂಟೀನಿ. ನಾ ಬರೂತನಾ ಮುಚ್ಚಗೊಡಬ್ಯಾಡ್ರಿ."

ನನ್ನ ಮಾತು ಕೇಳುವ ಬಿರುಕು ಇದು! ಮೂರನೇ ಕಂಬದ ಹತ್ತಿರ ಎರಡು ಕುರ್ಚಿ ಹಾಕಿ ಬಂದೆ. ಛತ್ರಿ ಹುಡುಕಬೇಕು. ಇವರದು ಗಾಡಿಯಲ್ಲಿ ಇತ್ತು... ತಗಡಿನ ಮೇಲೆ ಒಂದು ಹನಿ. ಇನ್ನೊಂದು — ಟೇಪು ಇರಲಿ, ಛತ್ರಿಯೂ ಇರಲಿ, ಬಿರುಕು ನೋಡಲು ಹೊರಟೆ